ಎಷ್ಟು ಸಲ ಮುಳುಗಿದ್ದೀರಿ?

ಮುರುಡೇಶ್ವರದ ದಡ ಬಿಟ್ಟ ದೋಣಿ ನೇತ್ರಾಣಿ ದ್ವೀಪವನ್ನು ಮುಟ್ಟಬೇಕಾದರೆ ಒಂದು ಗಂಟೆಗೂ ಮೇಲೆ ಬೇಕು. ದೂರ ಸುಮಾರು 19 ಕಿಲೋಮೀಟರು. ದೋಣಿಯಲ್ಲಿ ಕುಳಿತವರಿಗೆ ಅದು ಹರಟೆಯ ಹೊತ್ತು. ಕೆಲವರಿಗೆ ವಾಂತಿಯ ಹೊತ್ತು. ನನಗೆ ಮಾತ್ರ ಅದು ಪರೀಕ್ಷೆಯ ಹೊತ್ತಾಗಿತ್ತು. ಪರೀಕ್ಷಿಸುವವನು ನಾನು, ಆದರೆ ತಪ್ಪಾದರೆ ನಪಾಸಾಗುವವನೂ ನಾನೇ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿಯ ಬಸ್ಸು ಹತ್ತಿ ಬಂದ ಎಂಟು ಹತ್ತು ಮಂದಿ ಅಪರಿಚಿತರು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯಲಿರುವವರು. ಅವರಲ್ಲಿ ಯಾರನ್ನು ಎಷ್ಟು ಆಳಕ್ಕೆ ಕರೆದೊಯ್ಯಬಹುದು, ಯಾರಿಗೆ ಯಾರನ್ನು ಜೊತೆ ಮಾಡಬೇಕು, ಯಾರ ಪಕ್ಕದಲ್ಲಿ ನಾನೇ ಇರಬೇಕು, ಇಷ್ಟನ್ನೂ ದ್ವೀಪದ ಬಂಡೆಗಳು ಹತ್ತಿರವಾಗುವುದರೊಳಗೆ ತೀರ್ಮಾನಿಸಬೇಕು. ಹಲವು ವರ್ಷ ನಾನು ಮಾಡಿದ ಕೆಲಸ ಇದು.

ಅದಕ್ಕಾಗಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತಿದ್ದೆ: "ಎಷ್ಟು ಸಲ ಮುಳುಗಿದ್ದೀರಿ?" ನಮ್ಮ ಭಾಷೆಯಲ್ಲಿ ಮುಳುಗುವುದು ಅಷ್ಟು ಒಳ್ಳೆಯ ಮಾತಲ್ಲವೆಂಬುದು ನಿಜ. ಮನೆ ಮುಳುಗುತ್ತದೆ, ಸಾಲದಲ್ಲಿ ಮುಳುಗುತ್ತಾರೆ. ಆದರೆ ಹೊಳೆಯಲ್ಲಿ ಮೂರು ಮುಳುಗು ಹಾಕಿ ಬಂದರೆ ಪುಣ್ಯವೂ ಉಂಟಲ್ಲ! ಆ ಅರ್ಥದಲ್ಲಿಯೇ ಕೇಳುತ್ತಿದ್ದೆನೆಂದು ಇಟ್ಟುಕೊಳ್ಳಿ. ಒಬ್ಬರು ಐದು ಎನ್ನುವರು, ಒಬ್ಬರು ಐವತ್ತು ಎನ್ನುವರು. ಆ ಸಂಖ್ಯೆಯನ್ನು ಹಿಡಿದು ನಾನು ಗುಂಪು ಮಾಡುತ್ತಿದ್ದೆ. ಆ ಪ್ರಶ್ನೆಯ ಮೇಲೆ ನನಗಿದ್ದ ನಂಬಿಕೆ ಹೇಗೆ ಹೋಯಿತು, ಅದರ ಜಾಗದಲ್ಲಿ ಬೇರೆ ಏನು ಬಂತು ಎಂಬುದೇ ಈ ಹೊತ್ತಿನ ನನ್ನ ಮಾತು.

ಮೊದಲು ಈ ವಿದ್ಯೆಯ ಮೂಲ ಲೆಕ್ಕವನ್ನು ಹೇಳಿಬಿಡುತ್ತೇನೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಸೇರಿ ಒಂದು ಸಾಧನವನ್ನು ಸಿದ್ಧಪಡಿಸಿದರು. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಕೊಡುವ ಸಾಧನ ಅದು. ಇಂದು ನಾವು ಸ್ಕೂಬಾ ಎಂದು ಕರೆಯುವುದು ಇದರ ಮುಂದುವರಿದ ರೂಪವನ್ನೇ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಒತ್ತಡ ಮೇಲಿನದರ ಎರಡರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟು. ಒಂದೊಂದು ಉಸಿರಿಗೂ ಅಷ್ಟೇ ಪಟ್ಟು ಹೆಚ್ಚು ಗಾಳಿ ವೆಚ್ಚವಾಗುತ್ತದೆ. ಸಾಮಾನ್ಯವಾಗಿ ಬಳಸುವ ಸಿಲಿಂಡರಿನಲ್ಲಿ ಸುಮಾರು 2,200 ಲೀಟರು ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 20 ಲೀಟರು ಉಸಿರಾಡುವವನಿಗೆ ಅದು ನೀರಿನ ಮೇಲೆ ಸುಮಾರು 110 ನಿಮಿಷ ಬಂದೀತು. 30 ಮೀಟರಿನಲ್ಲಿ ಅರ್ಧ ಗಂಟೆಯೂ ಬಾರದು. ಕೊನೆಯ ಕಾಲುಭಾಗವನ್ನು ಆಪತ್ತಿಗೆಂದು ಉಳಿಸಬೇಕಾದ್ದರಿಂದ ಇನ್ನೂ ಕಡಿಮೆ. ಹೆದರಿದವನ ಉಸಿರೋ ಎರಡು ಮೂರು ಪಟ್ಟಾಗುತ್ತದೆ. ನೀರಿನೊಳಗೆ ಗಾಬರಿಗೂ ಒಂದು ಬೆಲೆಯಿದೆ, ಅದನ್ನು ಲೀಟರಿನ ಲೆಕ್ಕದಲ್ಲಿ ತೆರಬೇಕು.

ಗಾಳಿ ಮುಗಿದರೆ ಮೇಲಕ್ಕೆ ಬಂದರಾಯಿತಲ್ಲ ಎಂದು ತಾವು ಕೇಳಬಹುದು. ಅಪಾಯ ಇರುವುದು ಅಲ್ಲಿಯೇ. 10 ಮೀಟರಿನ ಆಳದಲ್ಲಿ ಎದೆ ತುಂಬ ಉಸಿರೆಳೆದು, ಅದನ್ನು ಬಿಗಿಹಿಡಿದು ಮೇಲೆ ಬಂದವನ ಶ್ವಾಸಕೋಶದಲ್ಲಿ ಆ ಗಾಳಿ ಎರಡರಷ್ಟಾಗಿ ಹಿಗ್ಗಲು ಹೊರಡುತ್ತದೆ. ಶ್ವಾಸಕೋಶ ಹರಿಯಬಹುದು. ಜೊತೆಗೆ ಒತ್ತಡದಲ್ಲಿ ರಕ್ತ ಮಾಂಸಗಳಲ್ಲಿ ಕರಗಿದ ಸಾರಜನಕ, ಅವಸರದಲ್ಲಿ ಮೇಲೆದ್ದವನ ಮೈಯಲ್ಲಿ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗುತ್ತದೆ. ಆದುದರಿಂದ ನಿಮಿಷಕ್ಕೆ 9 ಮೀಟರಿಗಿಂತ ಬೇಗನೆ ಏರದೆ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು, ಉಸಿರಾಡುತ್ತಲೇ ಬರಬೇಕು. ಮೇಲೆ ಬೆಳಕು ಕಾಣುತ್ತಿರುವಾಗ, ಬಾಯಿಗೆ ಗಾಳಿ ಸಾಲದಿರುವಾಗ, ನಿಧಾನ ಮಾಡುವುದು ಮನುಷ್ಯನ ಸ್ವಭಾವವಲ್ಲ. ಆ ಸ್ವಭಾವವನ್ನು ತಿದ್ದಿಕೊಂಡವನೇ ನುರಿತ ಮುಳುಗುಗಾರ.

ತಿದ್ದಿಕೊಂಡಿದ್ದಾನೆಂದು ತಿಳಿಯುವುದು ಹೇಗೆ? ಪ್ರಮಾಣಪತ್ರವಿದೆಯಲ್ಲ ಎನ್ನುವುದು ಮೊದಲ ಉತ್ತರ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಪಾಡಿ’ ಎಂಬ ಸಂಸ್ಥೆಯ ಕಾರ್ಡು ನಮ್ಮ ದೇಶದಲ್ಲಿ ಹೆಚ್ಚು ಕಾಣಸಿಗುತ್ತದೆ. ಅದರ ಮೊದಲ ದರ್ಜೆಗೆ, ಈಜುಕೊಳದ ಅಭ್ಯಾಸದ ಮೇಲೆ, ತೆರೆದ ನೀರಿನಲ್ಲಿ ನಾಲ್ಕು ಮುಳುಗು ಸಾಕು; 18 ಮೀಟರಿನವರೆಗೆ ಹೋಗಬಹುದು. ಮುಂದಿನದು ‘ಅಡ್ವಾನ್ಸ್ಡ್’ ದರ್ಜೆ. ಅದಕ್ಕೆ ಇನ್ನು ಐದು ಮುಳುಗು, ಮಿತಿ 30 ಮೀಟರು. ಎಂದರೆ ಜೀವಮಾನದಲ್ಲಿ ಒಂಬತ್ತು ಸಲ ಮುಳುಗಿದವನು ಮುಂದುವರಿದ ದರ್ಜೆಯ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ದೋಣಿ ಹತ್ತಬಹುದು. ಹಿಂದಿ ಪರೀಕ್ಷೆಗಳಲ್ಲಿ ‘ಪ್ರವೀಣ’ ಎಂಬುದೊಂದಿದೆ. ಅದನ್ನು ಪಾಸು ಮಾಡಿದ ನನ್ನ ಬಂಧುವೊಬ್ಬರು ದೆಹಲಿಯ ರೈಲು ನಿಲ್ದಾಣದಲ್ಲಿ ಕೂಲಿಯವನೊಡನೆ ಕೈಸನ್ನೆಯಲ್ಲಿ ಮಾತನಾಡಿದರು. ಹಾಗೆಂದು ಆ ಪರೀಕ್ಷೆ ಸುಳ್ಳಲ್ಲ. ಈ ಕಾರ್ಡೂ ಸುಳ್ಳಲ್ಲ. ಇಂಥ ದಿನ, ಇಂಥ ಗುರುವಿನ ಮುಂದೆ, ಇಂತಿಷ್ಟನ್ನು ಈತ ಮಾಡಿ ತೋರಿಸಿದನೆಂಬುದಕ್ಕೆ ಅದು ಸಾಕ್ಷಿ. ಆಮೇಲೆ ಏನಾಯಿತೆಂಬುದನ್ನು ಅದು ಹೇಳಲಾರದು, ಏಕೆಂದರೆ ಈ ಕಾರ್ಡಿಗೆ ಅವಧಿ ಮುಗಿಯುವ ದಿನವೆಂಬುದಿಲ್ಲ.

ಕಾರ್ಡು ಸಾಲದಾದಾಗ ಲಾಗ್ ಪುಸ್ತಕ. ಪ್ರತಿಯೊಂದು ಮುಳುಗನ್ನೂ, ಅದರ ಆಳವನ್ನೂ, ಅವಧಿಯನ್ನೂ ಬರೆದಿಡುವ ದಿನಚರಿ ಅದು. ಮಾರ್ಗದರ್ಶಿಯಾಗಬೇಕಾದವನು 60 ಮುಳುಗುಗಳನ್ನು ತೋರಿಸಬೇಕು, ಕಲಿಸುವವನಾಗಬೇಕಾದರೆ 100. ಅಂದಮೇಲೆ 140 ತೋರಿಸಿದವನನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ನಾನಂತೂ ಪ್ರಶ್ನಿಸಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ದೋಣಿಗೆ ಬಂದವರೊಬ್ಬರು, ಐವತ್ತರ ಆಸುಪಾಸಿನ ಸಜ್ಜನರು, ಎಷ್ಟು ಸಲ ಎಂದು ಕೇಳಿದ್ದಕ್ಕೆ ನೂರ ನಲವತ್ತು ಎಂದರು. ಸ್ವಂತ ಉಪಕರಣಗಳು, ಎಲ್ಲವೂ ಬೆಲೆಬಾಳುವವು. ಮಾಲ್ದೀವ್ಸಿನ ಮೀನುಗಳ ಹೆಸರನ್ನು ಮನೆಯ ಮಕ್ಕಳ ಹೆಸರಿನಂತೆ ಹೇಳಬಲ್ಲವರು. ಅದೇ ದೋಣಿಯಲ್ಲಿ ಇಂಗ್ಲೆಂಡಿನಲ್ಲಿ ಓದುತ್ತಿದ್ದ, ರಜಕ್ಕೆಂದು ಊರಿಗೆ ಬಂದಿದ್ದ ಹುಡುಗಿಯೊಬ್ಬಳಿದ್ದಳು. ಅವಳದು ಹದಿನಾಲ್ಕು ಮುಳುಗು. ಅವೂ ಅಲ್ಲಿಯ ಒಂದು ನೀರು ತುಂಬಿದ ಕಲ್ಲುಗಣಿಯಲ್ಲಿ ಕಲಿತವು. ಸಮುದ್ರದಲ್ಲಿ ಇದೇ ಮೊದಲು. ನಾನು ಎರಡನೆಯ ಯೋಚನೆಯಿಲ್ಲದೆ ಅವಳಿಗೆ ಹೇಳಿದೆ: "ಸಾರ್ ಪಕ್ಕ ಬಿಡಬೇಡಮ್ಮ. ಅವರು ಅನುಭವಸ್ಥರು." ಅವಳು ತಲೆಯಾಡಿಸಿದಳು. ಅವರು 10 ಕಿಲೋ ಸೀಸದ ತೂಕ ಕೇಳಿದರು, ಕೊಟ್ಟೆ. ಅಷ್ಟೇಕೆ ಎಂದು ಸಹ ಕೇಳಲಿಲ್ಲ. ಗುಂಪಿನಲ್ಲಿದ್ದ ಇನ್ನಿಬ್ಬರು ಹೊಸಬರೆಂದು ನನ್ನ ಕಣ್ಣೆಲ್ಲ ಅವರ ಮೇಲೆ.

ಅಂದು ನೀರು ಕದಡಿತ್ತು. ನಾಲ್ಕೈದು ಮೀಟರಿನಾಚೆ ಹಸುರು ಮಬ್ಬು. 16 ಮೀಟರಿನಲ್ಲಿ ಹವಳದ ಬಂಡೆಯ ಪಕ್ಕ ಹೋಗುತ್ತ, ಇಪ್ಪತ್ತನೆಯ ನಿಮಿಷದ ಸುಮಾರಿಗೆ ಹಿಂತಿರುಗಿ ನೋಡಿದರೆ ಹಿಂದೆ ಇಬ್ಬರೇ. ಆ ಕೆಲವು ಕ್ಷಣಗಳನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಇಬ್ಬರು ಹೊಸಬರನ್ನು ಕೈಹಿಡಿದು ಮೇಲೇರುತ್ತ ಬಂದಾಗ, 5 ಮೀಟರಿನಲ್ಲಿ ಅವರು ಕಾಣಿಸಿದರು. ತನ್ನ ಹಳದಿ ಬಣ್ಣದ ಬದಲಿ ರೆಗ್ಯುಲೇಟರನ್ನು ಅವಳು ಅವರ ಬಾಯಿಗೆ ಕೊಟ್ಟಿದ್ದಳು. ಒಂದು ಕೈ ಅವರ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದರಲ್ಲಿ ಗೇಜು. ಅವರ ಕಣ್ಣಿಗೆ ಕಣ್ಣಿಟ್ಟು, ನಡುನಡುವೆ ಬೆರಳೆತ್ತಿ, ಇನ್ನೆರಡು ನಿಮಿಷ, ಇನ್ನೊಂದು ನಿಮಿಷ ಎಂದು ಎಣಿಸುತ್ತಿದ್ದಳು. ಅವರ ಗೇಜಿನ ಮುಳ್ಳು ಸೊನ್ನೆಯ ಮೇಲಿತ್ತು.

ದೋಣಿಗೆ ಬಂದ ಮೇಲೆ ಹುಡುಗಿ ನನ್ನನ್ನು ಕೇಳಿದ್ದು ಇಷ್ಟೇ: "ಮೂರು ನಿಮಿಷ ನಿಲ್ಲಿಸಿದ್ದು ಸರಿಯಾ ಸರ್? ನನ್ನ ಹತ್ತಿರ ಇನ್ನೂ 90 ಬಾರ್ ಇತ್ತು." ಆ ಕಲ್ಲುಗಣಿಯ ನೀರು ಕೊರೆಯುವಷ್ಟು ತಣ್ಣಗಿರುತ್ತಿತ್ತಂತೆ, ಚಾಚಿದ ಕೈ ಕಾಣುತ್ತಿರಲಿಲ್ಲವಂತೆ. ನೋಡಲು ಮೀನಿಲ್ಲ, ಹವಳವಿಲ್ಲ, ಗೇಜೊಂದೇ. ಪ್ರತಿ ಸಲವೂ ಜೊತೆಗಾರನ ಬಾಯಿಗೆ ಗಾಳಿ ಕೊಡುವ ಅಭ್ಯಾಸವನ್ನು ಅವಳ ಗುರು ಮಾಡಿಸುತ್ತಿದ್ದರಂತೆ. ಆ ಸಜ್ಜನರದೋ ನೂರ ನಲವತ್ತೂ ಬೆಚ್ಚಗಿನ, ತಿಳಿಯಾದ ನೀರು. ಪ್ರತಿ ಸಲವೂ ಮುಂದೆ ಒಬ್ಬ ಮಾರ್ಗದರ್ಶಿ. ದಾರಿ ನೋಡುವವನು ಅವನು, ಗಾಳಿ ಎಷ್ಟಿದೆಯೆಂದು ವಿಚಾರಿಸುವವನೂ ಅವನೇ. ಗಾಣದೆತ್ತು ದಿನಕ್ಕೆ ಎಷ್ಟು ಹರದಾರಿ ನಡೆದರೂ ಊರು ದಾಟುವುದಿಲ್ಲ. ತೂಕ ಬೇಕಾದುದಕ್ಕಿಂತ ಹೆಚ್ಚಾಗಿ, ಮುಳುಗದಂತೆ ಕಾಲು ಬಡಿಯುತ್ತ, ದಣಿದು, ದುಪ್ಪಟ್ಟು ಗಾಳಿ ಎಳೆದಿದ್ದರು.

ಸಂಜೆ ದಡದಲ್ಲಿ ಅವರು ನನ್ನ ಬಳಿಗೆ ಬಂದರು. ಬೈಯುವರೆಂದುಕೊಂಡೆ. "ನಾನು ನೀರಿಗಿಳಿದು ಆರು ವರ್ಷವಾಗಿತ್ತು. ನೀವು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ಅಮೆರಿಕದ ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಸಂಸ್ಥೆಯವರು 947 ಮುಳುಗುಗಾರರ ಮರಣಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅನಾಹುತ ಮೊದಲಾದದ್ದು ಯಾವುದರಿಂದ ಎಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ನೂರಕ್ಕೆ 41ರಲ್ಲಿ ಕಾರಣ, ಗಾಳಿ ಸಾಲದೆ ಬಂದದ್ದು. ಉಪಕರಣದ ತೊಂದರೆ ನೂರಕ್ಕೆ 15 ಮಾತ್ರ. ಬೆಲೆಬಾಳುವ ಉಪಕರಣವನ್ನು ಕಂಡು ನಿಶ್ಚಿಂತನಾಗುವ ನನ್ನಂಥವರು ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಅಂದಿನಿಂದ ನನ್ನ ಪ್ರಶ್ನೆಗಳು ಬದಲಾದವು. ಕೊನೆಯ ಸಲ ಇಳಿದದ್ದು ಯಾವಾಗ? ಎಂಥ ನೀರಿನಲ್ಲಿ? ಮುಂದೆ ಹೋಗುತ್ತಿದ್ದವರು ಯಾರು? ಕೇಳಿದ ಮೇಲೆ ಕಿವಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡತೊಡಗಿದೆ. ಉಪಕರಣ ಜೋಡಿಸುವ ಕೈಗಳನ್ನು ನೋಡಬೇಕು. ತಿಳಿದವನು ಸಿಲಿಂಡರಿನ ಬಾಯಿ ತೆರೆದು, ರೆಗ್ಯುಲೇಟರನ್ನು ಬಾಯಿಗಿಟ್ಟು ನಾಲ್ಕು ಉಸಿರೆಳೆಯುತ್ತಾನೆ. ಎಳೆಯುತ್ತಿರುವಾಗ ಗೇಜನ್ನು ನೋಡುತ್ತಾನೆ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಬಾಯಿ ಪೂರ್ತಿ ತೆರೆದಿಲ್ಲವೆಂದು ಅರ್ಥ. ದೋಣಿಯ ಮೇಲೆ ಅದು ಸಣ್ಣ ಸಂಗತಿ. ಆಳದಲ್ಲಿ ಉಸಿರು ಕಟ್ಟಿಸುವ ಸಂಗತಿ. ಆಮೇಲೆ ಆತ ಜೊತೆಗಾರನ ಕಡೆ ತಿರುಗಿ, ನಿಮ್ಮ ಬದಲಿ ರೆಗ್ಯುಲೇಟರು ಎಲ್ಲಿದೆ, ತೂಕದ ಪಟ್ಟಿ ಬಿಚ್ಚುವುದು ಹೇಗೆ ಎಂದು ಕೇಳಿದನೋ, ನನ್ನ ಅರ್ಧ ಚಿಂತೆ ಕಳೆದಂತೆ. ಎಷ್ಟು ಆಳ ಹೋಗಿದ್ದೆನೆಂಬ ಕಥೆ ಹೇಳುವವನಿಂದ ಆ ಚಿಂತೆ ಇಮ್ಮಡಿಯಾಗುತ್ತದೆ. ನಮ್ಮ ದೋಣಿಯವನದು ಇನ್ನೂ ಸರಳ ಸಿದ್ಧಾಂತ: "ಬಾಯಿ ಜೋರಿದ್ದವರ ಗಾಳಿ ಬೇಗ ಖಾಲಿ ಮಾರಾಯ್ರೆ." ತುಂಬಿದ ಕೊಡ ತುಳುಕುವುದಿಲ್ಲವೆಂಬುದರ ಕಡಲತೀರದ ಪಾಠಾಂತರ ಇದು. ಆದರೆ ಇದನ್ನು ಪೂರ್ತಿ ನಂಬುವ ಹಾಗಿಲ್ಲ. ಭಯದಿಂದ ಮಾತು ನಿಂತವರೂ ಸುಮ್ಮನೆ ಕುಳಿತಿರುತ್ತಾರೆ. ಆ ಮೌನದ ಕೊಡ ಬರಿದು.

ನೀರಿನೊಳಗೆ ಮೊದಲ ಐದು ನಿಮಿಷ ಸಾಕು. ಕೈಗಳನ್ನು ನೋಡಿದರಾಯಿತು. ಹೊಸಬನು ಕೈಯಲ್ಲಿ ಈಜುತ್ತಾನೆ, ಗಾಳಿಯಲ್ಲಿ ಏನನ್ನೋ ಹಿಡಿಯುವವನಂತೆ. ನುರಿತವನ ಕೈಗಳು ಎದೆಯ ಮೇಲೆ ಮಡಚಿಕೊಂಡಿರುತ್ತವೆ. ಅವನು ನೆಲಕ್ಕೆ ಸಮನಾಗಿ ಮಲಗಿದಂತೆ ಇದ್ದು ಕಾಲಿನ ರಬ್ಬರು ರೆಕ್ಕೆಯನ್ನಷ್ಟೇ ನಿಧಾನವಾಗಿ ಆಡಿಸುತ್ತಾನೆ. ಅವನು ದಾಟಿಹೋದ ಮೇಲೆ ತಳದ ಮರಳು ಎದ್ದಿರುವುದಿಲ್ಲ. ಇದರ ಗುಟ್ಟು ತೇಲುಮುಳುಗಿನ ಸಮತೋಲ. ಸರಿಯಾದ ತೂಕ ಕಟ್ಟಿದವನು ಉಸಿರಿನಿಂದಲೇ ಏರಿಳಿಯಬಲ್ಲ: ಎದೆ ತುಂಬಿದರೆ ಒಂದಿಷ್ಟು ಮೇಲೆ, ಬರಿದು ಮಾಡಿದರೆ ಒಂದಿಷ್ಟು ಕೆಳಗೆ. ನಾನು ಒಂದೇ ಒಂದು ಪರೀಕ್ಷೆ ಇಡಬೇಕೆಂದರೆ, 5 ಮೀಟರಿನಲ್ಲಿ ಹಗ್ಗ ಹಿಡಿಯದೆ ಮೂರು ನಿಮಿಷ ಒಂದೇ ಕಡೆ ನಿಲ್ಲಿ ಎನ್ನುತ್ತೇನೆ. ಹೇಳಲಿಕ್ಕೆ ಸುಲಭ. ಆ ಮೂರು ನಿಮಿಷದಲ್ಲಿ ಬೂಟಾಟಿಕೆ ನಡೆಯುವುದಿಲ್ಲ.

ಸನ್ನೆಗಳಿಂದಲೂ ಗೊತ್ತಾಗುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಚೆನ್ನಾಗಿದ್ದೇನೆಂದು ಅರ್ಥ. ಹೆಬ್ಬೆರಳನ್ನು ಮೇಲೆ ಮಾಡಿದರೆ ಮೇಲಕ್ಕೆ ಹೋಗೋಣ ಎಂದು. ನೆಲದ ಮೇಲಿನ ರೂಢಿ ಬಿಡದವರು ಬಣ್ಣದ ಮೀನು ಕಂಡ ಸಂತೋಷಕ್ಕೆ ಹೆಬ್ಬೆರಳೆತ್ತುತ್ತಾರೆ. ಮಾರ್ಗದರ್ಶಿ ಗಾಬರಿಯಿಂದ ಓಡಿ ಬರುತ್ತಾನೆ. ಇದಕ್ಕೆ ನಗಬಹುದು. ನನಗೆ ಹೆಚ್ಚು ಮುಖ್ಯವಾದದ್ದು ಇನ್ನೊಂದು ಸನ್ನೆ. ಗಾಳಿ ಎಷ್ಟಿದೆ ಎಂದು ಕೇಳಿದಾಗ ಕೆಲವರು ತಡವರಿಸಿ ಗೇಜನ್ನು ಹುಡುಕುತ್ತಾರೆ, ನೋಡುತ್ತಾರೆ, ಬೆಚ್ಚುತ್ತಾರೆ. ಕೆಲವರು ಬೆರಳಿನಲ್ಲಿ ಸಂಖ್ಯೆ ತೋರಿಸಿ, ಆಮೇಲೆ ಖಚಿತಪಡಿಸಿಕೊಳ್ಳಲು ಗೇಜು ನೋಡುತ್ತಾರೆ. ಈ ಎರಡನೆಯವರ ಲಾಗ್ ಪುಸ್ತಕವನ್ನು ನಾನು ತೆರೆದು ನೋಡಿದ್ದಿಲ್ಲ.

ಆದರೆ ಯಾರ ಗಾಳಿ ಕಡಿಮೆ ಖರ್ಚಾಯಿತೆಂಬುದನ್ನು ಜಾಣತನದ ಅಳತೆಗೋಲು ಮಾಡಬಾರದು. ದೋಣಿಗೆ ಬಂದ ಮೇಲೆ ಗೇಜು ಹೋಲಿಸಿ ಮೀಸೆ ತಿರುವುವ ಒಂದು ಕೆಟ್ಟ ರೂಢಿಯಿದೆ. ಸಣ್ಣ ಮೈಯವರಿಗೆ ಸಹಜವಾಗಿಯೇ ಕಡಿಮೆ ಗಾಳಿ ಸಾಕು. ಈ ಪಂತಕ್ಕಾಗಿ ಉಸಿರನ್ನು ಕದ್ದು ಕದ್ದು ಬಿಡುವವರಿದ್ದಾರೆ. ಅವರ ಮೈಯಲ್ಲಿ ಇಂಗಾಲಾಮ್ಲ ತುಂಬಿ, ತಲೆನೋವು ಬಂದು, ಬುದ್ಧಿ ಮಂಕಾಗುತ್ತದೆ.

ಒಂದು ನೀರಿನಲ್ಲಿ ಪಡೆದ ಅನುಭವ ಇನ್ನೊಂದು ನೀರಿಗೆ ಸಲ್ಲುತ್ತದೆಂಬ ಭರವಸೆಯೂ ಇಲ್ಲ. ಇದಕ್ಕೆ ಅಮೆರಿಕದ ಫ್ಲಾರಿಡಾ ಪ್ರಾಂತದ ನೀರುಗುಹೆಗಳಿಗಿಂತ ಕಠೋರವಾದ ನಿದರ್ಶನವಿಲ್ಲ. ಅಲ್ಲಿಯ ಅನೇಕ ಗುಹೆಗಳ ಬಾಯಲ್ಲಿ, ನೀರಿನೊಳಗೇ, ಕುಡುಗೋಲು ಹಿಡಿದ ಮೃತ್ಯುವಿನ ಚಿತ್ರವಿರುವ ಫಲಕ ನಿಲ್ಲಿಸಿದ್ದಾರೆ. ಇಂಥ ಗುಹೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಅವರಲ್ಲಿ ತೆರೆದ ನೀರಿನ ಶಿಕ್ಷಕರೂ ಇದ್ದಾರೆ, ಮುಂದೆ ಹೋಗಬೇಡಿ ಎಂಬುದು ಅದರ ಒಕ್ಕಣೆ. ಗಮನಿಸಿ, ಶಿಕ್ಷಕರು! ತೆರೆದ ಸಮುದ್ರದಲ್ಲಿ ನೂರಾರು ಜನರಿಗೆ ಕಲಿಸಿದವರು. ಗುಹೆಯಲ್ಲಿ ನೇರವಾಗಿ ಮೇಲೇಳಲು ದಾರಿಯಿಲ್ಲ. ಹಿಂತಿರುಗುವ ದಾರಿಗೆ ಹಗ್ಗ ಎಳೆದಿಟ್ಟಿರಬೇಕು. ಗಾಳಿಯ ಮೂರನೆಯ ಒಂದು ಭಾಗ ಮುಗಿಯುತ್ತಲೇ ತಿರುಗಬೇಕು. ಸಮುದ್ರ ಈ ಪಾಠವನ್ನು ಅವರಿಗೆ ಕಲಿಸಿರಲಿಲ್ಲ. ಈ ನಿಯಮಗಳನ್ನು 1979ರ ತನ್ನ ಪುಸ್ತಕದಲ್ಲಿ ವಿವರಿಸಿ ಎಷ್ಟೋ ಜೀವಗಳನ್ನು ಉಳಿಸಿದ ಶೆಕ್ ಎಕ್ಸ್‌ಲಿ, ಸಾವಿರಾರು ಸಲ ಗುಹೆಗಳಲ್ಲಿ ಮುಳುಗಿ ಬಂದವನು, 1994ರಲ್ಲಿ ಮೆಕ್ಸಿಕೋದ ಸಕಾತೋನ್ ಎಂಬ ನೀರುಕೂಪದ ತಳವನ್ನು ಹುಡುಕಿಹೋಗಿ ತೀರಿಕೊಂಡನು. ಆಗ ಅವನಿಗೆ 45 ವರ್ಷ. ಅಷ್ಟು ಆಳದ ಮಟ್ಟಿಗೆ ಜಗತ್ತಿನಲ್ಲಿ ಅನುಭವಸ್ಥರೆಂಬುವರು ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಮ್ಮಲ್ಲಿ ಒಂದು ಗಾದೆ. ಹಿಡಿದ ಕೆಲಸವನ್ನು ಬಿಡಬಾರದೆಂಬುದಕ್ಕೆ ಒಳ್ಳೆಯ ಮಾತೇ. ಆದರೆ ನಮ್ಮ ಈ ಕೆಲಸದಲ್ಲಿ ಇದಕ್ಕಿಂತ ಅಪಾಯದ ಗಾದೆಯಿಲ್ಲ. ಚಳಿಯಾದರೆ, ಮಂಕಾದರೆ, ಕಿವಿ ನೊಂದರೆ, ಜೊತೆಗಾರ ಕಾಣದಿದ್ದರೆ, ಸುಮ್ಮನೆ ಮನಸ್ಸು ಒಪ್ಪದಿದ್ದರೆ ಸಹ, ಮೇಲಕ್ಕೆ ಬರಬೇಕು. ಕೊಟ್ಟ ಹಣ, ಬಂದ ದೂರ, ನೋಡುತ್ತಿರುವ ಗೆಳೆಯರು ಇವೆಲ್ಲ ಮುಂದಕ್ಕೆ ತಳ್ಳುತ್ತಿರುತ್ತವೆ. ಆದುದರಿಂದ ಕೊನೆಕೊನೆಗೆ ನನ್ನ ಪಟ್ಟಿಗೆ ಇನ್ನೊಂದು ಪ್ರಶ್ನೆಯೂ ಸೇರಿತು: ಇಳಿಯದೆ ಹಿಂತಿರುಗಿದ್ದು ಎಂದಾದರೂ ಉಂಟೆ? ಹೆಚ್ಚಿನವರು ಇದನ್ನು ಅವಮಾನವೆಂದು ಭಾವಿಸಿ, ಛೆ ಛೆ, ಇಲ್ಲ ಎನ್ನುತ್ತಿದ್ದರು.

ಒಮ್ಮೆ ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬಂದಿದ್ದರು. ಮೂವತ್ತೆರಡು ಮುಳುಗು ಹಾಕಿದವರು, ತಂಗಿಯ ಮನೆಯಲ್ಲಿ ಒಂದು ವಾರ ಉಳಿಯುವುದಕ್ಕೆಂದು ಬಂದವರು. ದೋಣಿ ನೇತ್ರಾಣಿಯ ನೆರಳಿಗೆ ಬಂದು ನಿಂತಿತು. ಎಲ್ಲರೂ ಉಪಕರಣ ಕಟ್ಟಿಕೊಳ್ಳುತ್ತಿದ್ದಾಗ ಅವರು ಮೂಗು ಹಿಡಿದು ಎರಡು ಸಲ ಊದಿ ನೋಡಿದರು. "ಮೂಗು ಕಟ್ಟಿದೆ ಕಣಪ್ಪ, ಕಿವಿ ಬಿಡ್ತಾ ಇಲ್ಲ. ನಾನು ಇವತ್ತು ಇಳಿಯೋದಿಲ್ಲ" ಎಂದರು. ಹಣ ವಾಪಸು ಬರುವುದಿಲ್ಲವೆಂದು ಒಬ್ಬ ಹುಡುಗ ನೆನಪಿಸಿದ. ಅವರು ನಕ್ಕು, ದೋಣಿಯವನ ಪಕ್ಕ ಹೋಗಿ ಕುಳಿತು, ಮಧ್ಯಾಹ್ನದವರೆಗೂ ಅವನಿಂದ ಗಾಳ ಹಾಕುವುದನ್ನು ಕಲಿತರು. ಒಂದು ಮೀನೂ ಸಿಗಲಿಲ್ಲ. ನಾಲ್ಕನೆಯ ದಿನ ಮೂಗು ಬಿಟ್ಟಿತೆಂದು ಮತ್ತೆ ಬಂದರು. ಅಂದು ನನ್ನ ಗುಂಪಿನಲ್ಲಿ ಆರು ಮಂದಿ. ಅವರನ್ನು ಎಲ್ಲರಿಗಿಂತ ಹಿಂದೆ, ಆರು ಜನರ ಬೆನ್ನೂ ಕಾಣುವ ಜಾಗದಲ್ಲಿ ಇರಿಸಿ, ನಾನು ಮುಂದೆ ಹೊರಟೆ.